ಮುಂದಿನ ಸಲ ಊರು ಮುಚ್ಚುವ ಮೊದಲು ಏನು ಮಾಡಬೇಕು? ದಾವಣಗೆರೆ, ದುರ್ಗದವರು ಹೇಳಿ

ಮಂಡಿಪೇಟೆಯವನು

ಕೊರೊನಾ ಮಾತು ತೆಗೆದರೆ ಈಗ ಎಲ್ಲರೂ "ಬಿಡ್ರಿ, ಆಗಿದ್ದು ಆಯ್ತು" ಅನ್ನುತ್ತಾರೆ. 2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೇ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಹೇಳಿತು, ಸರಿ. ಆದರೆ ಇನ್ನೊಂದು ರೋಗ ಬರುವುದಿಲ್ಲ ಅಂತ ಯಾರೂ ಹೇಳಿಲ್ಲ. ಬಂದಾಗ ಮತ್ತೆ ರಾತ್ರಿ 8 ಗಂಟೆಗೆ ಹೇಳಿ ನಡುರಾತ್ರಿಯಿಂದ ಊರು ಮುಚ್ಚುವುದಾ? ಇದನ್ನು ನೆಮ್ಮದಿಯಾಗಿ ಇರುವಾಗಲೇ ಮಾತಾಡಬೇಕು. ರೋಗ ಬಾಗಿಲಿಗೆ ಬಂದ ಮೇಲೆ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ.

ನನ್ನ ಮಾತು ಇಷ್ಟೇ. ಮನೆಯಲ್ಲಿರಿ ಅನ್ನುವ ಮೊದಲು ಮನೆಯಲ್ಲಿ ಇರುವುದಕ್ಕೆ ಆಗುವ ಹಾಗೆ ಮಾಡಬೇಕು. ನಮ್ಮಲ್ಲಿ ಅದು ಉಲ್ಟಾ ಆಯಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಆಟೋದವರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ರೂಪಾಯಿ ಕೊಡುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿದ್ದು ಮೇ 6ಕ್ಕೆ. ನಡುವೆ ಆರು ವಾರ. ಅದೂ ಬರೀ ಘೋಷಣೆ. ಅರ್ಜಿ, ಆಧಾರ್, ಬ್ಯಾಂಕ್ ಖಾತೆ ಎಲ್ಲಾ ಆಮೇಲೆ. ರೇಷನ್ ಕಾರ್ಡ್ ಇದ್ದವರಿಗೆ ಕೇಂದ್ರದ 5 ಕೆಜಿ ಬಂತು, ಅದು ನಿಜಕ್ಕೂ ಜೀವ ಉಳಿಸಿತು. ಆದರೆ ಹಾಲು, ಗ್ಯಾಸು, ಮನೆ ಬಾಡಿಗೆ, ಶುಗರ್ ಮಾತ್ರೆ? ದಿನದ ದುಡಿಮೆಯವನು ಅದನ್ನೆಲ್ಲ ಎಲ್ಲಿಂದ ತರಬೇಕು?

ಎರಡನೇ ವಿಷಯ, 2021ರ ಮೇ ತಿಂಗಳ ಬೆಳಿಗ್ಗೆ 6ರಿಂದ 10ರ ನಿಯಮ. ನಾನು ಕೆ.ಆರ್. ಮಾರ್ಕೆಟ್ ಕಡೆಯವನೇ, ದಿನಾ ಕಣ್ಣಾರೆ ನೋಡಿದ್ದೇನೆ. ಒಂಬತ್ತೂವರೆ ಆದರೆ ಸಾಕು, ತರಕಾರಿ ಗಾಡಿ ಸುತ್ತ ಕೈ ಮೇಲೆ ಕೈ. ಪೊಲೀಸ್ ಸೀಟಿ ಕೇಳಿಸುತ್ತಿದ್ದಂತೆ ಮಾರುವವನು ಟೊಮೆಟೊ ತೂಕ ಹಾಕುವುದನ್ನು ಬಿಟ್ಟು ಅಂದಾಜಿಗೆ ಸುರಿಯುತ್ತಿದ್ದ. ಮಾಸ್ಕ್ ಗದ್ದಕ್ಕೆ ಇಳಿದಿರುತ್ತಿತ್ತು, ಯಾಕೆಂದರೆ ಕೂಗಿ ರೇಟು ಹೇಳಬೇಕಲ್ಲ. ಇಡೀ ದಿನ ಬರುವ ಜನ ನಾಲ್ಕು ಗಂಟೆಯೊಳಗೆ ಬಂದರೆ ಅಂತರ ಎಲ್ಲಿಂದ ಬರಬೇಕು? ಅಂಗಡಿ ಜಾಸ್ತಿ ಹೊತ್ತು ತೆರೆದಿದ್ದಿದ್ದರೆ, ಗಾಡಿಗಳನ್ನು ಹೈಸ್ಕೂಲ್ ಮೈದಾನದಂಥ ಕಡೆ ದೂರ ದೂರ ನಿಲ್ಲಿಸಿದ್ದರೆ ಗಾಳಿಯೂ ಆಡುತ್ತಿತ್ತು, ಜನರೂ ಹಂಚಿಹೋಗುತ್ತಿದ್ದರು.

ಇನ್ನೊಂದು. ಯಾವುದು ಮೊದಲು ತೆರೆಯಿತು ನೋಡಿ. ಮದ್ಯದಂಗಡಿ 2020ರ ಮೇ 4. ದೇವಸ್ಥಾನ, ಮಸೀದಿ ಜೂನ್ 8. ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೆ 2021ರ ಅಕ್ಟೋಬರ್ 25. ಈ ಸಾಲನ್ನು ಯಾರೂ ಕೂತು ಯೋಚಿಸಿ ಬರೆದಿಲ್ಲ ಅಂತ ನಂಬುತ್ತೇನೆ. ಅದೇ ನನ್ನ ದುಃಖ.

ನಿಯಮವೇ ಬೇಡ ಅನ್ನುತ್ತಿಲ್ಲ. ನಮ್ಮ ಊರಿಗೆ ಹೊಂದುವ ನಿಯಮ ಹೇಗಿರಬೇಕು ಅಂತ ಕೇಳುತ್ತಿದ್ದೇನೆ. ನಿಮ್ಮ ನಿಮ್ಮ ಕಸುಬು, ನಿಮ್ಮ ಬೀದಿ, ನೀವು ಕಂಡಿದ್ದು ಬರೆಯಿರಿ.

ದುರ್ಗದ ಸಿಸ್ಟರ್

ನಾನು ವಾರ್ಡ್‌ನಲ್ಲಿ ಕೆಲಸ ಮಾಡಿದವಳು. ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಇನ್ನರ್ಧ ಒಪ್ಪಬೇಕಾದರೆ ನೀವು ಮೊದಲು ಆಕ್ಸಿಜನ್ ಲೆಕ್ಕ ಕೇಳಬೇಕು.

ದೊಡ್ಡ ಜಂಬೋ ಸಿಲಿಂಡರ್ ಇರುತ್ತದಲ್ಲ, ಅದರಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್. ಸಾಧಾರಣ ರೋಗಿಗೆ ನಿಮಿಷಕ್ಕೆ 5 ಲೀಟರ್ ಸಾಕು, ಒಂದು ಸಿಲಿಂಡರ್ ಇಡೀ ದಿನದ ಹತ್ತಿರ ಬರುತ್ತದೆ. ತೀರಾ ಹೆಚ್ಚಾದವರಿಗೆ ಹೈ ಫ್ಲೋ ಹಾಕಿದರೆ ನಿಮಿಷಕ್ಕೆ 60 ಲೀಟರ್ ತನಕ ಹೋಗುತ್ತದೆ. ಅದೇ ಸಿಲಿಂಡರ್ ಎರಡು ಗಂಟೆ ಕೂಡ ಬರುವುದಿಲ್ಲ. ಈಗ ಅಂಥ ಹತ್ತು ಜನ ಒಂದೇ ರಾತ್ರಿ ಬಂದರು ಅಂದುಕೊಳ್ಳಿ. ಸಿಲಿಂಡರ್ ತುಂಬಿಸಲು ಹೋದ ಗಾಡಿ ಎಲ್ಲಿದೆ ಅಂತ ಫೋನ್ ಹಿಡಿದು ಕೂತಿರಬೇಕು. 2021ರ ಮೇ 2, 3ರ ನಡುವೆ ಚಾಮರಾಜನಗರದ ಆಸ್ಪತ್ರೆಯಲ್ಲಿ, ಆಕ್ಸಿಜನ್ ಕೊರತೆಯ ನಡುವೆ, ಒಂದೇ ದಿನದೊಳಗೆ 24 ಜನ ಹೋದರು. ಆ ಸುದ್ದಿ ಬಂದ ಬೆಳಿಗ್ಗೆ ನಮ್ಮ ವಾರ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಆಕ್ಸಿಜನ್ ಮೀಟರ್ ಮುಳ್ಳು ನೋಡುತ್ತಿದ್ದೆವು. ಅದಾಗಿ ಮೂರು ದಿನಕ್ಕೆ ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಜಾಸ್ತಿ ಹೊಸ ಪ್ರಕರಣ.

ಅಂಥ ಹೊತ್ತಿಗೆ ಮುಚ್ಚಲೇಬೇಕು. ಬೇರೆ ದಾರಿ ಇಲ್ಲ. ಮುಚ್ಚಿದರೆ ರೋಗ ಹೋಗುವುದಿಲ್ಲ, ಅದು ನಮಗೂ ಗೊತ್ತು. ಒಂದೇ ವಾರದಲ್ಲಿ ಬರುವವರು ನಾಲ್ಕು ವಾರದಲ್ಲಿ ಹಂಚಿಕೊಂಡು ಬರುತ್ತಾರೆ, ಅಷ್ಟೇ. ಆ ಅಷ್ಟೇ ಅನ್ನುವುದರಲ್ಲಿ ಎಷ್ಟು ಜೀವ ಇದೆ ಅಂತ ಹಾಸಿಗೆ ಪಕ್ಕ ನಿಂತವರಿಗೆ ಗೊತ್ತು.

ನನ್ನ ಸಿಟ್ಟು ಬೇರೆ. ಮೊದಲ ಲಾಕ್‌ಡೌನ್ ನಮಗೆ ತಿಂಗಳುಗಟ್ಟಲೆ ಸಮಯ ಕೊಟ್ಟಿತು. ಆ ಸಮಯದಲ್ಲಿ ಹಾಸಿಗೆ, ಪೈಪ್‌ಲೈನ್, ಸಿಬ್ಬಂದಿ ಎಷ್ಟು ಜಾಸ್ತಿ ಮಾಡಿಕೊಂಡೆವು? ಅಂಗಡಿಯವನು ಬಾಗಿಲು ಹಾಕಿ ಕಳೆದುಕೊಂಡ ದುಡ್ಡು ಆ ಸಮಯದ ಬೆಲೆ. ಅದನ್ನು ಸುಮ್ನೆ ಕಳೆದರೆ ಅವನಿಗೆ ಮಾಡಿದ ಅನ್ಯಾಯ.

ಭಟ್ಟಿ ಮನೆಯವನು

ನಮ್ಮ ಮನೆ ಮಂಡಕ್ಕಿ ಭಟ್ಟಿ ಕಡೆ. ಭಾಷಾ ನಗರ, ಆಜಾದ್ ನಗರ ಸುತ್ತಮುತ್ತ ಇರುವುದೇ ಈ ಕೆಲಸ. ಮನೆಯಿಂದ ಕೆಲಸ ಮಾಡಿ ಅಂದರಲ್ಲ, ನಮ್ಮದು ಹೇಗೆ ಅಂತ ಹೇಳುತ್ತೇನೆ ಕೇಳಿ.

ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಿ ಉಪ್ಪುನೀರು ಹಿಡಿಸಬೇಕು. ಆಮೇಲೆ ಕಾದ ಮರಳಿನಲ್ಲಿ ಹುರಿಯುವುದು. ಮರಳು ಸರಿಯಾಗಿ ಕಾದಿದ್ದರೆ ಒಂದು ಕ್ಷಣ ಅಷ್ಟೇ, ಅಕ್ಕಿ ಅರಳಿಬಿಡುತ್ತದೆ. ತಡ ಮಾಡಿದರೆ ಕೆಂಪಾಗುತ್ತದೆ, ಮಾಲು ಹೋಯಿತು. ಒಲೆ ಮುಂದೆ ನಿಂತವನ ಮುಖಕ್ಕೆ ಬೆಂಕಿ, ಹೊಗೆ, ಮರಳಿನ ದೂಳು. ಅಲ್ಲಿ ಮಾಸ್ಕ್ ಹಾಕಿದರೆ ಐದು ನಿಮಿಷಕ್ಕೆ ಬೆವರಿನಲ್ಲಿ ನೆನೆದು ಮೂಗಿಗೆ ಅಂಟುತ್ತದೆ, ಉಸಿರೇ ಬರುವುದಿಲ್ಲ. ಹುರಿಯುವವನು, ಜರಡಿ ಹಿಡಿಯುವವರು, ಚೀಲ ತುಂಬುವವರು ಎಲ್ಲಾ ಒಂದೇ ಸೂರಿನಡಿ. ಮನೆಯೂ ಪಕ್ಕದಲ್ಲೇ, ಒಂದು ಕೋಣೆ.

2020ರ ಏಪ್ರಿಲ್ ಕೊನೆಗೆ ದಾವಣಗೆರೆ ಹಸಿರು ವಲಯ ಅಂತ ಎಲ್ಲರೂ ಖುಷಿಯಾಗಿದ್ದರು. ತಿಂಗಳು ಮುಗಿಯುವುದರೊಳಗೆ ಭಾಷಾ ನಗರ, ಜಾಲಿ ನಗರದಲ್ಲಿ ಪಾಸಿಟಿವ್ ಬಂತು, ಮೇ ಮೊದಲ ವಾರದಲ್ಲಿ ಹತ್ತಾರು ಆಯಿತು. ಬೀದಿ ಬಾಯಿಗೆ ತಗಡು ಬಡಿದರು. ರೋಗ ಹರಡಬಾರದು ಅಂದರೆ ಅದೂ ಬೇಕು, ಒಪ್ಪುತ್ತೇನೆ. ಆದರೆ ತಗಡಿನ ಒಳಗೆ ಇರುವವರಿಗೆ ಹೊರಗಿನವರು ಇಟ್ಟ ಹೆಸರು ರೋಗಕ್ಕಿಂತ ಜಾಸ್ತಿ ದಿನ ಉಳಿಯಿತು. ತಗಡು ತೆಗೆದ ಮೇಲೂ ನಮ್ಮ ಏರಿಯಾ ಹೆಸರು ಹೇಳಿದರೆ ಕೆಲಸಕ್ಕೆ ಬರಬೇಡಿ ಅಂದರು. ತರಕಾರಿ ಮಾರುವ ನಮ್ಮ ಹುಡುಗರ ಹೆಸರು ಕೇಳಿ ವಾಪಸ್ ಕಳಿಸಿದ ಬಡಾವಣೆಗಳಿವೆ. ಹೀಗೆ ಮಾಡಿದರೆ ಜ್ವರ ಬಂದವನು ಹೇಳಿಕೊಳ್ಳುತ್ತಾನಾ? ಮಾತ್ರೆ ನುಂಗಿ ಸುಮ್ಮನೆ ಕೂರುತ್ತಾನೆ. ಅದರಿಂದ ಯಾರಿಗೆ ನಷ್ಟ? ಎಲ್ಲರಿಗೂ.

ಮುಂದಿನ ಸಲ ಬೀದಿ ಮುಚ್ಚಿದರೆ ಮುಚ್ಚಿದ ದಿನವೇ ಒಳಗೆ ರೇಷನ್, ಹಾಲು, ಮಾತ್ರೆ ಬರಬೇಕು. ಕೂಲಿಗೆ ಬದಲು ಒಂದಿಷ್ಟು ದುಡ್ಡು ಬರಬೇಕು. ಮತ್ತೆ ಏರಿಯಾ ಹೆಸರನ್ನು ಟಿವಿಯಲ್ಲಿ ಇಡೀ ದಿನ ಕೂಗಬಾರದು. ಮನೆ ನಂಬರ್ ಅಧಿಕಾರಿಗೆ ಗೊತ್ತಿದ್ದರೆ ಸಾಕು.

ಹಳೇ ಪಿ.ಬಿ. ರಸ್ತೆ

ಎಲ್ಲಾ ಸರಿ, ನಮ್ಮ ಜನಕ್ಕೆ ಶಿಸ್ತಿಲ್ಲ. ಅದನ್ನು ಯಾರೂ ಹೇಳುತ್ತಿಲ್ಲ. ಲಾಠಿ ಇಲ್ಲದಿದ್ದರೆ ಒಬ್ಬರೂ ಒಳಗೆ ಇರುತ್ತಿರಲಿಲ್ಲ. ದಂಡ ಹಾಕಿದ ಮೇಲೆ ತಾನೇ ಮಾಸ್ಕ್ ಹಾಕಿದ್ದು?

ಆಟೋ ನಿಟುವಳ್ಳಿ

@ಹಳೇ ಪಿ.ಬಿ. ರಸ್ತೆ ಸರ್, ದಂಡದ ಕಥೆ ನೆನಪಿಸಿಕೊಳ್ಳಿ. 2020ರ ಅಕ್ಟೋಬರ್‌ನಲ್ಲಿ ಸಿಟಿಯಲ್ಲಿ 1,000 ರೂಪಾಯಿ ಅಂದರು. ಜನ ಗಲಾಟೆ ಮಾಡಿದ ಮೇಲೆ 250ಕ್ಕೆ ಇಳಿಸಿದರು, ಹಳ್ಳಿ ಕಡೆ 100. ಸಾವಿರ ರೂಪಾಯಿ ಅಂದರೆ ನನಗೆ ಆಗ ಎರಡು ಮೂರು ದಿನದ ದುಡಿಮೆ, ಅದೂ ಬಾಡಿಗೆ ಸಿಕ್ಕರೆ. ಮಾಸ್ಕಿಗೆ ದಂಡ ಹಾಕುವ ಕಡೆಯೇ ಒಂದು ಮಾಸ್ಕ್ ಕೈಗೆ ಕೊಡಬಹುದಿತ್ತಲ್ವಾ? ದಂಡ ಕಟ್ಟಿದವನು ಅದೇ ಮಾಸ್ಕ್ ಇಲ್ಲದ ಮುಖದಲ್ಲೇ ಮುಂದಕ್ಕೆ ಹೋಗುತ್ತಿದ್ದ.

ಲಾಠಿ ಏಟು ತಿಂದವರಲ್ಲಿ ಔಷಧಿಗೆ ಹೊರಟವರೂ ಇದ್ದರು. ಜಯದೇವ ಸರ್ಕಲ್ ಹತ್ತಿರ ಒಬ್ಬರು ವಯಸ್ಸಾದವರು ಜೇಬಿನಿಂದ ಚೀಟಿ ತೆಗೆಯುವುದರೊಳಗೆ ಏಟು ಬಿದ್ದಿತ್ತು. ನಾನೇ ಕಂಡಿದ್ದು. ಶಿಸ್ತು ಇಲ್ಲ ಅಂತ ನಾನು ಒಪ್ಪುವುದಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಬಕೆಟ್, ಸೋಪು ಇಟ್ಟವರು ನಾವೇ. ಹಿಂದಿನ ಸೀಟಿಗೂ ನಮಗೂ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದ್ದೂ ಸ್ವಂತ ದುಡ್ಡಿನಲ್ಲಿ. ಯಾಕೆ ಅಂತ ಬಿಡಿಸಿ ಹೇಳಿದರೆ ಜನ ಮಾಡುತ್ತಾರೆ.

2021ರಲ್ಲಿ ಚಾಲಕರಿಗೆ 3,000 ಅಂದರು. ನನಗೆ ಬಂತು. ಲೈಸೆನ್ಸ್, ಬ್ಯಾಡ್ಜ್ ಇಲ್ಲದೆ ಬೇರೆಯವರ ಗಾಡಿ ಓಡಿಸುವ ಹುಡುಗರಿಗೆ ಬರಲಿಲ್ಲ. ಅವರೇ ಎಲ್ಲರಿಗಿಂತ ಬಡವರು.

ಜಗಳೂರು ಮೇಷ್ಟ್ರು

ಶಾಲೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲ ಕೆಲವು ತಿಂಗಳು ಶಾಲೆ ಮುಚ್ಚಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ರೋಗ ಮಕ್ಕಳಿಗೆ ಏನು ಮಾಡುತ್ತದೆ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಮಕ್ಕಳಿಗೆ ದೊಡ್ಡವರಷ್ಟು ಜೋರಾಗುವುದಿಲ್ಲ ಅಂತ ಗೊತ್ತಾದ ಮೇಲೂ ಚಿಕ್ಕ ಮಕ್ಕಳ ಶಾಲೆ ಹತ್ತೊಂಬತ್ತು ತಿಂಗಳು ಮುಚ್ಚಿಯೇ ಇತ್ತು.

2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಬದಲು ಮೇಷ್ಟ್ರೇ ಮಕ್ಕಳ ಹತ್ತಿರ ಹೋಗುವುದು. ಗುಡಿ ಕಟ್ಟೆ, ಬೇವಿನ ಮರದ ಕೆಳಗೆ, ಸಮುದಾಯ ಭವನದ ಜಗಲಿಯಲ್ಲಿ ಸಣ್ಣ ಸಣ್ಣ ಗುಂಪು ಮಾಡಿ ಕೂರಿಸಿ ಪಾಠ. ಬಯಲಲ್ಲಿ ಗಾಳಿ ಆಡುತ್ತದೆ, ಗುಂಪು ಚಿಕ್ಕದು. ರೋಗದ ದೃಷ್ಟಿಯಿಂದಲೂ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇರಲಿಲ್ಲ. ಆದರೆ ಕೆಲವು ಕಡೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಬಂತು ಅಂತ ಅಕ್ಟೋಬರ್‌ನಲ್ಲಿ ನಿಲ್ಲಿಸಿಬಿಟ್ಟರು. ಆ ಹೊತ್ತಿಗೆ ಅಪ್ಪ ಅಮ್ಮ ಕೂಲಿಗೆ, ಸಂತೆಗೆ ಹೋಗಿ ಬರುತ್ತಲೇ ಇದ್ದರು. ಮನೆಗೆ ಬಾರದ ರೋಗ ಮರದ ಕೆಳಗೆ ಮಾತ್ರ ಬರುತ್ತದಾ?

ಚಂದನದಲ್ಲಿ ಪಾಠ ಬರುತ್ತಿತ್ತು, ಒಳ್ಳೆಯ ಪಾಠವೇ. ಟಿವಿ ಮುಂದೆ ಕೂತ ಮಗು ತಪ್ಪು ಮಾಡಿದರೆ ತಿದ್ದುವವರು ಯಾರು? ಆನ್‌ಲೈನ್ ಅಂದರೆ ಮನೆಗೆ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಹೊಲದಲ್ಲಿ. ನೆಟ್‌ವರ್ಕ್ ಬೇಕಾದರೆ ನೀರಿನ ಟ್ಯಾಂಕ್ ಮೆಟ್ಟಿಲು ಹತ್ತಬೇಕು. ನಮ್ಮ ತಾಲೂಕು ಮೊದಲೇ ಬರದ ಸೀಮೆ. ಗಂಡು ಹುಡುಗರು ಕುರಿ ಹಿಂದೆ ಹೋದರು. ಹೆಣ್ಣುಮಕ್ಕಳು ಕಳೆ ತೆಗೆಯಲು ಹೋದರು, ದೊಡ್ಡವರಾದವರಿಗೆ ಮನೆಯಲ್ಲಿ ಮದುವೆ ಮಾತು ಶುರುವಾಯಿತು. ಐವತ್ತೇ ಜನ ಅಂದರೆ ಖರ್ಚು ಕಡಿಮೆ, ಈಗಲೇ ಮುಗಿಸೋಣ ಅಂದ ತಂದೆಯ ಮನೆಗೆ ಹೋಗಿ ನಾವು ಕೈ ಮುಗಿದು ಬಂದಿದ್ದೇವೆ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆ ಮಕ್ಕಳನ್ನು ನೋಡಿದರು. ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯ ಮರೆತಿದ್ದರು. ಗಣಿತದಲ್ಲಿ ಶೇ 82. ಅಂಕಿ ನೋಡಿ ನನಗೆ ಆಶ್ಚರ್ಯ ಆಗಲಿಲ್ಲ. ಶಾಲೆ ತೆರೆದಾಗ ಮೂರನೇ ಕ್ಲಾಸಿಗೆ ಬಂದು ಕೂತವರು ಒಂದನೇ ಕ್ಲಾಸನ್ನೇ ಪೂರ್ತಿ ಓದದವರು. ಒತ್ತಕ್ಷರ ಬರೆಸಿದರೆ ಪೆನ್ಸಿಲ್ ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು.

ಇಲ್ಲಿ ಇನ್ನೊಂದು ಹೇಳಬೇಕು. 2020ರ ಜೂನ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು ಮಾಡಿದರು. ಎಲ್ಲರೂ ಹೆದರಿಸಿದ್ದರು. ಮಾಸ್ಕ್ ಕೊಟ್ಟು, ಜ್ವರ ನೋಡಿ, ಬೆಂಚಿಗೆ ದೂರ ದೂರ ಕೂರಿಸಿ ರಾಜ್ಯದ ಲಕ್ಷಾಂತರ ಮಕ್ಕಳ ಪರೀಕ್ಷೆ ಮುಗಿಸಿದೆವು. ಪರೀಕ್ಷೆಗೆ ಅಷ್ಟು ಶ್ರದ್ಧೆ ಇಟ್ಟವರಿಗೆ ಪಾಠಕ್ಕೂ ಇಡಲು ಆಗುತ್ತಿತ್ತು. ಶಾಲೆ ಕೊನೆಗೆ ಮುಚ್ಚಬೇಕು, ಮೊದಲು ತೆರೆಯಬೇಕು. ನನ್ನ ಮಾತು ಇಷ್ಟೇ.

ಹರಿಹರದವಳು

ಮೇಷ್ಟ್ರೇ, ಬಿಸಿಯೂಟ ಬಿಟ್ಟಿರಿ. ಅಕ್ಕಿ ಬೇಳೆ ಮನೆಗೆ ಕೊಟ್ಟರು, ನಿಜ. ಆದರೆ ಮನೆಗೆ ಬಂದ ಅಕ್ಕಿ ಇಡೀ ಮನೆಯ ಅಕ್ಕಿ ಆಯಿತು. ಶಾಲೆಯಲ್ಲಿ ತಟ್ಟೆಗೆ ಬಿದ್ದರೆ ಅದು ಮಗುವಿನದೇ.

ಆಶಾ, ಹೊಳಲ್ಕೆರೆ ಕಡೆ

ನಾವು ಮನೆ ಮನೆ ತಿರುಗಿದವರು. ಎಲ್ಲರೂ ಬಾಗಿಲು ಹಾಕಿಕೊಂಡಾಗ ನಾವು ಬಾಗಿಲು ತಟ್ಟುತ್ತಿದ್ದೆವು.

ಬೆರಳಿಗೆ ಹಾಕಿ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡುವ ಆಕ್ಸಿಮೀಟರ್ ಬಗ್ಗೆ ಒಂದು ವಿಷಯ ಹೇಳುತ್ತೇನೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಬಂದ ತಕ್ಷಣ ಬೆರಳಿಗೆ ಹಾಕಬಾರದು. ಐದು ನಿಮಿಷ ಕೂರಿಸಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು. ಮದರಂಗಿ, ಉಗುರು ಬಣ್ಣ ಇದ್ದ ಬೆರಳು ಬಿಟ್ಟು ಬೇರೆ ಬೆರಳು ನೋಡಬೇಕು. ಕೂತಾಗ 96 ತೋರಿಸಿತು ಅಂತ ಎದ್ದು ಬರಬಾರದು. ಮನೆಯೊಳಗೇ ಆರು ನಿಮಿಷ ನಡೆಸಬೇಕು, ಮತ್ತೆ ನೋಡಬೇಕು. 93ಕ್ಕಿಂತ ಕೆಳಗೆ ಬಂದರೆ, ಇಲ್ಲಾ ಮೊದಲಿದ್ದಕ್ಕಿಂತ ಮೂರು ನಾಲ್ಕು ಇಳಿದರೆ ಕಾಯಬಾರದು, ಆಂಬುಲೆನ್ಸ್‌ಗೆ ಫೋನ್ ಮಾಡಬೇಕು. "ನನಗೇನೂ ಆಗಿಲ್ಲವಮ್ಮ" ಅಂತ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅಜ್ಜನಿಗೆ ನಡೆಸಿದ ಮೇಲೆ 88 ಬಂದಿತ್ತು. ಅವರು ಬದುಕಿದರು. ಎರಡು ದಿನ ತಡ ಮಾಡಿದವರು ಉಳಿಯಲಿಲ್ಲ.

ಈ ಕೆಲಸಕ್ಕೆ ನಮಗೆ ರಾಜ್ಯದಿಂದ ಆಗ ಸಿಗುತ್ತಿದ್ದ ಗೌರವಧನ ತಿಂಗಳಿಗೆ 4,000. 2020ರ ಜುಲೈನಲ್ಲಿ 12,000 ಕೊಡಿ ಅಂತ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿ ಕೂತೆವು. ರೋಗದ ಹೊತ್ತಿನಲ್ಲಿ ಮುಷ್ಕರವಾ ಅಂತ ಬೈದವರಿದ್ದಾರೆ. ಮಾಸ್ಕ್, ಸ್ಯಾನಿಟೈಸರ್ ಕೂಡ ಸರಿಯಾಗಿ ಬರದೆ ಸೆರಗು ಮುಚ್ಚಿಕೊಂಡು ಪಾಸಿಟಿವ್ ಮನೆಗೆ ಹೋದವರು ನಾವು. ಊರಿನ ಸುರಕ್ಷತೆ ಬೇಕು ಅನ್ನುವವರು ಮೊದಲು ನಮ್ಮ ಸುರಕ್ಷತೆ ಕೇಳಬೇಕು.

ಮತ್ತೆ ಒಂದು. ಜನ ನಮ್ಮ ಮೇಲೆ ಸಿಟ್ಟಾಗಿದ್ದು ರೋಗಕ್ಕಲ್ಲ, ಬಾಗಿಲಿಗೆ ಅಂಟಿಸುವ ಚೀಟಿಗೆ. ಚೀಟಿ ಅಂಟಿದ ಮನೆಗೆ ಹಾಲು ಹಾಕುವವನೂ ಬರುತ್ತಿರಲಿಲ್ಲ. ಚೀಟಿ ಜೊತೆಗೆ ಹಾಲು ತಂದಿದ್ದರೆ ಒಬ್ಬರೂ ಬೈಯುತ್ತಿರಲಿಲ್ಲ.

ಮೊಳಕಾಲ್ಮುರು ಮಗ್ಗ

ನಮ್ಮ ಸಮಸ್ಯೆ ಇಲ್ಲಿ ಯಾರೂ ಹೇಳಿಲ್ಲ. ನಮಗೆ ಆಂಧ್ರದ ರಾಯದುರ್ಗ ತೀರಾ ಹತ್ತಿರ. ಚಿತ್ರದುರ್ಗಕ್ಕೆ ಹೋಗಬೇಕಾದರೆ ಅದರ ಐದಾರು ಪಟ್ಟು ದೂರ. ನಮ್ಮ ನೆಂಟರು, ಸಂತೆ, ಡಾಕ್ಟರ್ ಅರ್ಧಕ್ಕರ್ಧ ಆ ಕಡೆ. ಗಡಿಯಲ್ಲಿ ಚೆಕ್‌ಪೋಸ್ಟ್ ಹಾಕಿದ ದಿನ ನಮ್ಮ ಬದುಕನ್ನು ನಡುವೆ ಕತ್ತರಿಸಿದ ಹಾಗಾಯಿತು. ಬೆಂಗಳೂರಿನಲ್ಲಿ ಕೂತವರಿಗೆ ಗಡಿ ಅಂದರೆ ನಕ್ಷೆಯ ಗೆರೆ. ಆ ಕಡೆ ಈ ಕಡೆಯ ತಹಸೀಲ್ದಾರರು ಮಾತಾಡಿಕೊಂಡು ಬಸುರಿ ಬಾಣಂತಿಯರಿಗೆ, ದಿನಗೂಲಿಯವರಿಗೆ ಪಾಸ್ ಮಾಡಬೇಕು.

ರೇಷ್ಮೆ ಸೀರೆ ನೇಯುವುದು ಮನೆಯಲ್ಲೇ. ಲಾಕ್‌ಡೌನ್‌ನಲ್ಲೂ ನೇಯಬಹುದಿತ್ತು. ಮದುವೆ ನಿಂತವು, ಸೀರೆ ಯಾರಿಗೆ? ರೇಷ್ಮೆ ನೂಲು, ಜರಿ ಬರಲಿಲ್ಲ. ಸರ್ಕಾರ ವರ್ಷಕ್ಕೆ 2,000 ಅಂತ ನೇಕಾರರಿಗೆ ಘೋಷಿಸಿತು. ಒಂದು ಒಳ್ಳೆಯ ಸೀರೆ ಮಗ್ಗದಿಂದ ಇಳಿಯಲು ವಾರಗಟ್ಟಲೆ ಬೇಕು. ನಮಗೆ ದಾನಕ್ಕಿಂತ ನೂಲು ಬೇಕಿತ್ತು. ನೇಯ್ದಿದ್ದನ್ನು ಸರ್ಕಾರವೇ ಕೊಂಡು ಇಟ್ಟುಕೊಂಡಿದ್ದರೆ ಸಾಕಿತ್ತು.

ಚಳ್ಳಕೆರೆ ರೈತ

ಈರುಳ್ಳಿಗೂ ಅದೇ ಮಾತು. ಎಪಿಎಂಸಿ ತೆರೆದಿದೆ ಅಂದರು. ಹೋಟೆಲ್ ಮುಚ್ಚಿ, ಮದುವೆ ನಿಲ್ಲಿಸಿ, ಲಾರಿ ಡ್ರೈವರ್‌ಗೆ ದಾರಿಯಲ್ಲಿ ಊಟ ಸಿಗದ ಹಾಗೆ ಮಾಡಿ ಎಪಿಎಂಸಿ ಮಾತ್ರ ತೆರೆದರೆ ಕೊಳ್ಳುವವರು ಯಾರು? ಒಂದು ಬಾಗಿಲು ಮುಚ್ಚಿದರೆ ಅದರ ಹಿಂದೆ ಎಷ್ಟು ಬಾಗಿಲು ಮುಚ್ಚುತ್ತವೆ ಅಂತ ಮೊದಲೇ ಕೂತು ಬರೆದುಕೊಳ್ಳಬೇಕು. ದಾವಣಗೆರೆ ಕಡೆ ಮೆಕ್ಕೆಜೋಳದವರಿಗೆ 5,000 ಕೊಟ್ಟರು, ಒಳ್ಳೆಯದು. ಈರುಳ್ಳಿಯವರು ಕೊಳೆತಿದ್ದನ್ನು ಹೊಲಕ್ಕೇ ಸುರಿದೆವು.

ಎಂಸಿಸಿ ಬಿ ಬ್ಲಾಕ್

ನಾನು ಇಲ್ಲಿ ಎಲ್ಲರಿಗೂ ಉಲ್ಟಾ ಮಾತಾಡುತ್ತೇನೆ, ಕ್ಷಮಿಸಿ.

ನಮ್ಮ ತಂದೆ 2021ರ ಮೇ ತಿಂಗಳಲ್ಲಿ ಹೋದರು. ಏಪ್ರಿಲ್‌ನಲ್ಲಿ ನೆಂಟರ ಮನೆಯ ಮದುವೆಗೆ ಹೋಗಿದ್ದರು. ಎಸಿ ಇರುವ ಛತ್ರ, ಕಿಟಕಿ ಎಲ್ಲಾ ಮುಚ್ಚಿತ್ತು, ಊಟದ ಹಾಲ್‌ನಲ್ಲಿ ಹಿಂದೆ ನಿಂತು ಎಲೆಗೆ ಕಾಯುವಷ್ಟು ಜನ. ಆ ಮದುವೆಯಿಂದ ನಮ್ಮ ಬಳಗದಲ್ಲಿ ಎಷ್ಟೋ ಜನ ಮಲಗಿದರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಾಸಿಗೆ ಇದೆ ಅಂತ ಹೇಳಿ ಬಾಗಿಲಲ್ಲಿ ಇಲ್ಲ ಅಂದರು. ಇನ್ನೊಂದು ಕಡೆ ಸಿಗುವುದರೊಳಗೆ ಅರ್ಧ ದಿನ ಹೋಯಿತು. ಅಂತ್ಯಸಂಸ್ಕಾರಕ್ಕೆ ಐದು ಜನ. ಅಕ್ಕ ಬರಲಾಗಲಿಲ್ಲ.

ಹಾಗಾಗಿ ಬದುಕು ನಡೆಯಬೇಕು, ಅಂಗಡಿ ತೆರೆಯಬೇಕು ಅಂತ ಯಾರಾದರೂ ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. 2021ರ ಫೆಬ್ರವರಿ, ಮಾರ್ಚ್‌ನಲ್ಲಿ ನಾವೆಲ್ಲ ಬದುಕು ನಡೆಸಿದ್ದೇ ಹೀಗಾಗಿದ್ದು ಅಲ್ವಾ? ಆಗ ಯಾರೂ ತಡೆಯಲಿಲ್ಲ. ತಡೆಯಬೇಕಿತ್ತು.

ಮಂಡಿಪೇಟೆಯವನು

@ಎಂಸಿಸಿ ಬಿ ಬ್ಲಾಕ್, ನಿಮ್ಮ ಮಾತು ಉಲ್ಟಾ ಅಲ್ಲ. ನೀವು ಹೇಳಿದ್ದೇ ನಾನು ಕೇಳುತ್ತಿರುವುದು. ಕಿಟಕಿ ಮುಚ್ಚಿದ ಛತ್ರವನ್ನು ಮೊದಲು ಮುಚ್ಚಬೇಕಿತ್ತು. ರೋಗ ಗಾಳಿಯಲ್ಲಿ ಹರಡುತ್ತದೆ, ಮುಚ್ಚಿದ ಕೋಣೆಯಲ್ಲಿ ಜಾಸ್ತಿ, ಬಯಲಲ್ಲಿ ಕಡಿಮೆ ಅಂತ ಗೊತ್ತಾದ ಮೇಲೂ ನಾವು ಬಯಲಲ್ಲಿ ನಿಂತ ತರಕಾರಿಯವನನ್ನು ಓಡಿಸಿದೆವು, ಛತ್ರಕ್ಕೆ ತಲೆ ಎಣಿಸಿ ಅನುಮತಿ ಕೊಟ್ಟೆವು. ಕುಂದವಾಡ ಕೆರೆ ಏರಿ ಮೇಲೆ ಒಬ್ಬರೇ ನಡೆಯುವವರನ್ನು ತಡೆದೆವು. ಮುಚ್ಚುವುದಾದರೆ ಅಪಾಯ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ಮುಚ್ಚಬೇಕು. ಎಲ್ಲಾ ಒಂದೇ ಸಲ ಮುಚ್ಚಿ, ಆಮೇಲೆ ಅಪಾಯ ನೋಡದೆ ತೆರೆದಿದ್ದರಿಂದಲೇ ನಿಮ್ಮ ತಂದೆಯಂಥವರು ಆ ಹಾಲ್‌ನಲ್ಲಿ ಕೂತಿದ್ದು. ರೋಗ ಹೋಯಿತು ಅಂತ ಸುಸ್ತಾದ ಜನ ನಂಬಿದರು.

ಸೋಂಕು ಎಷ್ಟು ಜನಕ್ಕೆ ತಗುಲಿದೆ ಅಂತ ರಕ್ತ ಪರೀಕ್ಷೆ ಮಾಡಿ ನೋಡಿದ ರಾಜ್ಯದ ಸೆರೋ ಸಮೀಕ್ಷೆ 2020ರ ಸೆಪ್ಟೆಂಬರ್ ಹೊತ್ತಿಗೇ ಶೇ 27.3ರಷ್ಟು ಜನರಿಗೆ ಸೋಂಕು ಬಂದಿದೆ, ಇಲ್ಲಾ ಬಂದು ಹೋಗಿದೆ ಅಂತ ಅಂದಾಜು ಮಾಡಿತ್ತು. ಅಂದರೆ ಉಳಿದ ಮುಕ್ಕಾಲು ಪಾಲಿನ ಹತ್ತಿರ ಜನ ಇನ್ನೂ ಬಾಕಿ. ಆ ಅಂಕಿಯನ್ನು ನಮ್ಮ ಮಾರ್ಕೆಟ್‌ನಲ್ಲಿ ಒಬ್ಬರಾದರೂ ಬಂದು ಬಿಡಿಸಿ ಹೇಳಿದ್ದಿದ್ದರೆ!

ಹೊಸದುರ್ಗದ ಹಿರಿಯ

ನೀವೆಲ್ಲ ಹುಡುಗರು. ನಮ್ಮ ಕಡೆ ಹೊರಬೀಡು ಅಂತ ಇದೆ, ಕೇಳಿರಬಹುದು. ಊರಿಗೆ ರೋಗರುಜಿನ ಬಂದಾಗ ಒಂದು ದಿನ ಇಡೀ ಊರು ಖಾಲಿ. ಬೆಳಕು ಹರಿಯುವ ಮೊದಲು ಮನೆಗೆ ಬೀಗ, ದನಕರು, ಕೋಳಿ, ಮಕ್ಕಳು ಮುದುಕರು ಎಲ್ಲಾ ಹೊಲಕ್ಕೆ. ಊರ ಬಾಗಿಲಿಗೆ ಮುಳ್ಳು. ಅಲ್ಲೇ ಅಡುಗೆ, ಅಲ್ಲೇ ಊಟ. ಹೊತ್ತು ಮುಳುಗಿದ ಮೇಲೆ ವಾಪಸ್. ಪ್ಲೇಗಿನ ಕಾಲದಲ್ಲಿ ತಿಂಗಳುಗಟ್ಟಲೆ ಹೊಲದಲ್ಲೇ ಗುಡಿಸಲು ಹಾಕಿಕೊಂಡು ಇದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಇದನ್ನು ಔಷಧಿ ಅಂತ ನಾನು ಹೇಳುವುದಿಲ್ಲ. ಲಸಿಕೆ ಬಂದಾಗ ಎಲ್ಲರಿಗಿಂತ ಮುಂದೆ ಹೋಗಿ ನಿಂತವನು ನಾನು. ಆದರೆ ಹೊರಬೀಡಿನಲ್ಲಿ ಎರಡು ಮಾತು ಗಮನಿಸಿ. ದಿನ ಮೊದಲೇ ಸಾರುತ್ತಾರೆ, ಎಲ್ಲರೂ ತಯಾರಾಗುತ್ತಾರೆ. ಇನ್ನೊಂದು, ಗೌಡ್ರ ಮನೆಯಿಂದ ಹಿಡಿದು ಕೂಲಿಯವನ ತನಕ ಎಲ್ಲರೂ ಹೊರಗೆ. ಯಾರಿಗೂ ರಿಯಾಯಿತಿ ಇಲ್ಲ. ಅದಕ್ಕೇ ಒಬ್ಬರೂ ಗೊಣಗುವುದಿಲ್ಲ. 2020ರಲ್ಲಿ ಹಳ್ಳಿ ಹುಡುಗರು ರಸ್ತೆಗೆ ಮುಳ್ಳು ಹಾಕಿದರು, ಗುಂಡಿ ತೋಡಿದರು. ಆಂಬುಲೆನ್ಸ್ ಬರಲಾಗದ ಹಾಗೆ ತೋಡಿದ್ದು ಮಾತ್ರ ಬುದ್ಧಿ ಇಲ್ಲದ ಕೆಲಸ.

ಹಳೇ ಪಿ.ಬಿ. ರಸ್ತೆ

ಯಾರಿಗೂ ರಿಯಾಯಿತಿ ಇಲ್ಲ ಅಂತ ಅಜ್ಜ ಹೇಳಿದ ಮಾತು ಸರಿ. ದೊಡ್ಡವರ ಮನೆ ಮದುವೆಗೆ ಒಂದು ನಿಯಮ, ನಮಗೆ ಒಂದು ನಿಯಮ ಅಂತ ಅನಿಸಿದಾಗಲೇ ಜನ ಕೈಬಿಟ್ಟಿದ್ದು. ಆದರೂ ನಾನು ದಂಡ ಬೇಡ ಅನ್ನುವುದಿಲ್ಲ. ಛತ್ರದ ಮಾಲೀಕನಿಗೆ ಹಾಕಿ, ಆಟೋದವನಿಗೆ ಬೇಡ.

ಜಗಳೂರು ಮೇಷ್ಟ್ರು

ಮಾತಾಡಿದ್ದು ಕೆಲಸ ಆಗಬೇಕಲ್ಲ. ಆಗ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರ ಕೆಳಗೆ ಕೊರೊನಾ ಟಾಸ್ಕ್ ಫೋರ್ಸ್ ಇತ್ತು. ಆಶಾ, ಅಂಗನವಾಡಿಯವರು, ಬಿಲ್ ಕಲೆಕ್ಟರ್ ಎಲ್ಲಾ ಕೂಡಿ ಹೊರಗಿನಿಂದ ಬಂದವರ, ವಯಸ್ಸಾದವರ ಪಟ್ಟಿ ಇಟ್ಟಿದ್ದರು. ನರೇಗಾ ಕೆಲಸ 275 ರೂಪಾಯಿ ಕೂಲಿಗೆ ಆ ವರ್ಷ ಎಷ್ಟೋ ಮನೆಗಳ ಒಲೆ ಉರಿಸಿತು, ಅದೂ ಬಯಲಲ್ಲಿ ಕೆರೆ ಹೂಳು ತೆಗೆಯುವ ಕೆಲಸ. ಈ ಎರಡನ್ನೂ ಉಳಿಸಿಕೊಂಡರೆ ಹಳ್ಳಿ ಮಟ್ಟಿಗೆ ಅರ್ಧ ತಯಾರಿ ಆದ ಹಾಗೆ. ಬರುವ ಗ್ರಾಮಸಭೆಯಲ್ಲಿ ನಾನು ಇದನ್ನು ಎತ್ತುತ್ತೇನೆ. ಸಿಟಿಯಲ್ಲಿ ಯಾರು ಎತ್ತುತ್ತೀರಿ?

ಮಂಡಿಪೇಟೆಯವನು

ನಮ್ಮ ಪಾಲಿಕೆಯಲ್ಲಿ 45 ವಾರ್ಡ್ ಇದೆ. ನಮ್ಮ ವಾರ್ಡಿನದು ನಾನು ನೋಡಿಕೊಳ್ಳುತ್ತೇನೆ. ಗಾಡಿ ವ್ಯಾಪಾರದವರನ್ನು ಯಾವ ಮೈದಾನಕ್ಕೆ ಕಳಿಸಬಹುದು, ಒಂಟಿಯಾಗಿರುವ ಹಿರಿಯರು ಯಾರು, ರೇಷನ್ ಕಾರ್ಡ್ ಇಲ್ಲದೆ ಬಾಡಿಗೆಗೆ ಇರುವ ಕೂಲಿಯವರು ಎಷ್ಟು ಮನೆ ಅಂತ ಬರೆದುಕೊಂಡು ಅರ್ಜಿ ಕೊಡುವ ಯೋಚನೆ ಇದೆ. ಭಟ್ಟಿ ಮನೆಯವರೇ, ನಿಮ್ಮ ಕಡೆ ಯಾರಾದರೂ ಜೊತೆಗೆ ಬರುತ್ತೀರಾ?

ಭಟ್ಟಿ ಮನೆಯವನು

ಬರುತ್ತೇನೆ. ಶುಕ್ರವಾರ ಬಿಟ್ಟು ಯಾವತ್ತಾದರೂ ಸರಿ, ಭಟ್ಟಿ ಆರಿದ ಮೇಲೆ.

ದುರ್ಗದ ಸಿಸ್ಟರ್

ಪಟ್ಟಿ ಮಾಡುವಾಗ ಡಯಾಲಿಸಿಸ್‌ನವರನ್ನು ಮರೆಯಬೇಡಿ. ಅವರಿಗೆ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಬರಲೇಬೇಕು, ಬಸ್ ನಿಂತರೆ ಜೀವ ನಿಂತ ಹಾಗೆ. ಟಿಬಿ ಮಾತ್ರೆ ತಿನ್ನುವವರು, ತಿಂಗಳು ತುಂಬಿದ ಬಸುರಿಯರು, ಕ್ಯಾನ್ಸರ್‌ಗೆ ಕೀಮೋ ತಗೊಳ್ಳುವವರು ಇವರ ಹೆಸರೂ ಇರಲಿ. ಬರೀ ಫೋನ್ ನಂಬರ್ ಸಾಲದು, ಯಾವ ದಿನ ಎಲ್ಲಿಗೆ ಹೋಗಬೇಕು ಅಂತಲೂ ಬರೆದುಕೊಳ್ಳಿ. ನಿಟುವಳ್ಳಿ ಆಟೋದವರೇ, ನಿಮ್ಮ ಸ್ಟ್ಯಾಂಡಿನವರು ಅಂಥ ದಿನ ಪಾಸ್ ಇಟ್ಟುಕೊಂಡು ಓಡಿಸುತ್ತೀರಾದರೆ ಅದನ್ನೂ ಅರ್ಜಿಯಲ್ಲೇ ಸೇರಿಸಿ.

ಆಟೋ ನಿಟುವಳ್ಳಿ

ಓಡಿಸುತ್ತೇವೆ ಸಿಸ್ಟರ್. ಡೀಸೆಲ್, ಗ್ಯಾಸ್ ದುಡ್ಡು ಅವತ್ತೇ ಕೈಗೆ ಬರಬೇಕು, ತಿಂಗಳ ಮೇಲೆ ಬಿಲ್ ಅಂದರೆ ಆಗುವುದಿಲ್ಲ. ಪಾಸಿನಲ್ಲಿ ಗಾಡಿ ನಂಬರ್ ಜೊತೆ ಚಾಲಕನ ಹೆಸರೂ ಇರಲಿ, ಬ್ಯಾಡ್ಜ್ ಇಲ್ಲದ ಹುಡುಗರನ್ನೂ ಸೇರಿಸಿ. ಸ್ಟ್ಯಾಂಡಿನಲ್ಲಿ ಕೇಳಿ ಹೆಸರು ಬರೆದು ಕಳಿಸುತ್ತೇನೆ.